ಸ್ತರಭಂಗ ವಲಯದ ಅಡಿಯ ಮ್ಯಾಂಟಲ್: ಅಲೆ ಬಂದ ದಿಕ್ಕಿಗೆ ತಕ್ಕಂತೆ ಬದಲಾಗುವ ಎಸ್‌ಕೆಎಸ್ ಅಳತೆಗಳನ್ನು ಸರಾಸರಿ ಮಾಡಬಹುದೇ?

ಪ್ರಶ್ನೆ

ಎರಡು ಭೂಫಲಕಗಳು ಪಕ್ಕಪಕ್ಕದಲ್ಲಿ ಒಂದನ್ನೊಂದು ಉಜ್ಜಿಕೊಂಡು ಜಾರುವ ಸ್ತರಭಂಗ ವಲಯವೊಂದರ ಅಡಿಯಲ್ಲಿ ಮ್ಯಾಂಟಲ್ (ಭೂಕವಚದ ಕೆಳಗಿನ ಪದರ) ಹೇಗೆ ವಿರೂಪಗೊಂಡಿದೆ ಎಂಬುದನ್ನು ಭೂಕಂಪದ ಅಲೆಗಳ ಮೂಲಕ ತಿಳಿಯುವುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯ. ಸ್ತರಭಂಗಕ್ಕೆ ಅಡ್ಡಲಾಗಿ ಒಂದೇ ಸಾಲಿನಲ್ಲಿರುವ ಏಳು ಭೂಕಂಪ ಮಾಪನ ಕೇಂದ್ರಗಳ ಮೂರು ವರ್ಷಗಳ ದಾಖಲೆಗಳಿಂದ, ದೂರದ ಭೂಕಂಪಗಳಿಂದ ಹೊರಟು ಭೂಮಿಯ ಕೇಂದ್ರಗೋಳವನ್ನು ಹಾದುಬರುವ ಎಸ್‌ಕೆಎಸ್ ಅಲೆಗಳನ್ನು ಆರಿಸಿಕೊಂಡು, ಅವು ಎರಡಾಗಿ ಸೀಳಿದ ಪ್ರಮಾಣವನ್ನು ಅಳೆದಿದ್ದೇನೆ. ಪ್ರತಿ ಅಳತೆಯಿಂದಲೂ ಎರಡು ಸಂಖ್ಯೆಗಳು ಸಿಗುತ್ತವೆ: ಬೇಗ ಬಂದ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿತ್ತು, ಮತ್ತು ಎರಡನೆಯ ಅಲೆ ಅದಕ್ಕಿಂತ ಎಷ್ಟು ಸೆಕೆಂಡು ತಡವಾಗಿ ಬಂತು.

ಸ್ತರಭಂಗದಿಂದ ದೂರದಲ್ಲಿರುವ ನಾಲ್ಕು ಕೇಂದ್ರಗಳಲ್ಲಿ ತೊಂದರೆಯಿಲ್ಲ. ವೇಗದ ದಿಕ್ಕು ಉತ್ತರದಿಂದ ಪೂರ್ವಕ್ಕೆ 70 ಡಿಗ್ರಿಯ ಆಸುಪಾಸಿನಲ್ಲಿ ನಿಂತಿದೆ, ವಿಳಂಬ 1.1ರಿಂದ 1.4 ಸೆಕೆಂಡು. ಸ್ತರಭಂಗದ ಮೇಲೆ ಮತ್ತು ಅದರ ಎರಡೂ ಬದಿಗೆ ಇರುವ ಮೂರು ಕೇಂದ್ರಗಳಲ್ಲಿ ಮಾತ್ರ ಒಂದೊಂದು ಭೂಕಂಪವೂ ಒಂದೊಂದು ಉತ್ತರ ಕೊಡುತ್ತಿದೆ. ವೇಗದ ದಿಕ್ಕು 60ರಿಂದ 130 ಡಿಗ್ರಿಯವರೆಗೆ ಓಲಾಡುತ್ತದೆ; ವಿಳಂಬ ಕೆಲವೊಮ್ಮೆ 0.5 ಸೆಕೆಂಡು, ಕೆಲವೊಮ್ಮೆ 2.4 ಸೆಕೆಂಡು. ಸ್ತರಭಂಗದ ಜಾಡು ಉತ್ತರದಿಂದ ಪಶ್ಚಿಮಕ್ಕೆ 40 ಡಿಗ್ರಿ ವಾಲಿದೆ. ಇದಲ್ಲದೆ ಎಲ್ಲ ಕೇಂದ್ರಗಳನ್ನೂ ಸೇರಿಸಿದರೆ ಮೂವತ್ತಕ್ಕೂ ಹೆಚ್ಚು ದಾಖಲೆಗಳಲ್ಲಿ ಅಲೆ ಸೀಳಿಯೇ ಇಲ್ಲ. ಅವುಗಳನ್ನು ನಾನು ನಿರುಪಯುಕ್ತವೆಂದು ಬದಿಗಿಟ್ಟಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ಮಧ್ಯದ ಮೂರು ಕೇಂದ್ರಗಳ ಅಳತೆಗಳನ್ನು ಸರಾಸರಿ ಮಾಡಿ ನಕ್ಷೆಯಲ್ಲಿ ಒಂದೊಂದು ಗೆರೆ ಎಳೆಯುವುದು ಸರಿಯೇ? ಆ ಗೆರೆಯನ್ನು ನೋಡಿ, ಸ್ತರಭಂಗದ ಬೇರು ಮ್ಯಾಂಟಲ್‌ನೊಳಗೆ ಎಷ್ಟು ಆಳದವರೆಗೆ, ಎಷ್ಟು ಅಗಲದಲ್ಲಿ ಇಳಿದಿದೆ ಎಂದು ಹೇಳಲು ಸಾಧ್ಯವೇ?

ಮೊದಲ ಉತ್ತರ

ದಯವಿಟ್ಟು ಸರಾಸರಿ ಮಾಡಬೇಡಿ. ನೀವು ಚದುರುವಿಕೆ ಎಂದು ಭಾವಿಸಿರುವುದರಲ್ಲಿಯೇ ನಿಮ್ಮ ಪ್ರಬಂಧದ ತಿರುಳು ಇರುವ ಸಾಧ್ಯತೆ ಹೆಚ್ಚು. ಬದಿಗಿಟ್ಟ ಮೂವತ್ತು ದಾಖಲೆಗಳನ್ನೂ ಮರಳಿ ಮೇಜಿನ ಮೇಲೆ ತನ್ನಿ. ಕಾರಣವನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ.

ದೂರದ ಭೂಕಂಪದಿಂದ ಹೊರಟ ಎಸ್ ಅಲೆಯು (ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಅಲೆ) ದ್ರವರೂಪದ ಹೊರ ಕೇಂದ್ರಗೋಳವನ್ನು ಎಸ್ ಅಲೆಯಾಗಿಯೇ ದಾಟಲಾರದು. ಅದು ಅಲ್ಲಿ ಪಿ ಅಲೆಯಾಗಿ (ಸಾಗುವ ದಿಕ್ಕಿನಲ್ಲಿಯೇ ಕಂಪಿಸುವ ಅಲೆ) ಮಾರ್ಪಟ್ಟು, ಇನ್ನೊಂದು ಬದಿಯಲ್ಲಿ ಮ್ಯಾಂಟಲ್‌ಗೆ ಮರಳುವಾಗ ಮತ್ತೆ ಎಸ್ ಅಲೆಯಾಗುತ್ತದೆ. ಈ ಎರಡನೆಯ ಮಾರ್ಪಾಡು ನಮಗೆ ಎರಡು ಉಪಕಾರ ಮಾಡುತ್ತದೆ: ಭೂಕಂಪ ನಡೆದ ಬದಿಯ ಮ್ಯಾಂಟಲ್ ಆ ಅಲೆಯ ಮೇಲೆ ಬಿಟ್ಟಿದ್ದ ಸೀಳಿನ ಗುರುತು ಅಳಿಸಿಹೋಗುತ್ತದೆ, ಮತ್ತು ಹೊರಬಂದ ಅಲೆಯ ಕಂಪನವು ಭೂಕಂಪವನ್ನೂ ಕೇಂದ್ರವನ್ನೂ ಸೇರಿಸುವ ಲಂಬ ಸಮತಲದಲ್ಲಿಯೇ ಇರುತ್ತದೆ. ಹೀಗಾಗಿ ಅಲೆ ಕೇಂದ್ರದ ಕೆಳಗಿನ ಮ್ಯಾಂಟಲ್‌ಗೆ ಕಾಲಿಡುವ ಮೊದಲು ಯಾವ ದಿಕ್ಕಿನಲ್ಲಿ ಕಂಪಿಸುತ್ತಿತ್ತು ಎಂಬುದು ನಮಗೆ ಮುಂಚಿತವಾಗಿಯೇ ತಿಳಿದಿರುತ್ತದೆ. ಅಡ್ಡ ಘಟಕದಲ್ಲಿ, ಅಂದರೆ ಆ ಸಮತಲಕ್ಕೆ ಅಡ್ಡಲಾದ ಕಂಪನದಲ್ಲಿ, ಶಕ್ತಿ ಕಂಡುಬಂದರೆ ಅದು ದಾರಿಯಲ್ಲಿ, ಬಹುಪಾಲು ಮೇಲಿನ ಮ್ಯಾಂಟಲ್‌ನಲ್ಲಿ, ಹುಟ್ಟಿಕೊಂಡದ್ದು.

ಈಗ ಸೀಳದ ಅಲೆಗಳ ವಿಷಯಕ್ಕೆ ಬರೋಣ. ಅಲೆಯ ಆರಂಭದ ಕಂಪನ ದಿಕ್ಕು ವೇಗದ ಅಕ್ಷಕ್ಕೆ (ಯಾವ ದಿಕ್ಕಿನಲ್ಲಿ ಕಂಪಿಸುವ ಅಲೆ ಬೇಗ ಸಾಗುತ್ತದೋ ಆ ದಿಕ್ಕಿಗೆ) ಸಮಾಂತರವಾಗಿಯೋ ಲಂಬವಾಗಿಯೋ ಇದ್ದರೆ ಅಲೆ ಸೀಳುವುದಿಲ್ಲ. ಅಂಥ ದಾಖಲೆಯನ್ನು ಶೂನ್ಯ ಅಳತೆ ಎನ್ನುತ್ತೇವೆ. ದೂರದ ಕೇಂದ್ರಗಳಲ್ಲಿ ವೇಗದ ಅಕ್ಷ 70 ಡಿಗ್ರಿ ಇರುವುದು ನಿಜವಾದರೆ, 70, 160, 250 ಮತ್ತು 340 ಡಿಗ್ರಿ ದಿಕ್ಕುಗಳಿಂದ ಬಂದ ಅಲೆಗಳೆಲ್ಲ ಶೂನ್ಯ ಅಳತೆಯನ್ನೇ ಕೊಡಬೇಕು. ನಿಮ್ಮ ದಾಖಲೆಗಳಲ್ಲಿ ಹಾಗೆ ಇದೆಯೇ ಎಂದು ನೋಡಿ. ಇದ್ದರೆ ಆ ಶೂನ್ಯಗಳು ನಿಮ್ಮ 70 ಡಿಗ್ರಿಗೆ ಬೇರೆ ದಾರಿಯಿಂದ ದೊರೆತ ಸಾಕ್ಷ್ಯ. ಎಲ್ಲ ದಿಕ್ಕುಗಳಿಂದಲೂ ಶೂನ್ಯವೇ ಬರುವ ಕೇಂದ್ರವಿದ್ದರೆ ಅರ್ಥ ಬೇರೆ: ಅಲ್ಲಿ ದಿಕ್ಕಿಗೆ ತಕ್ಕ ವೇಗಭೇದವೇ ಇಲ್ಲದಿರಬಹುದು, ಅಥವಾ ಖನಿಜಗಳ ವೇಗದ ಅಕ್ಷ ಲಂಬವಾಗಿ ನಿಂತಿರಬಹುದು. ಟಿಬೆಟ್‌ನ ದಕ್ಷಿಣ ಭಾಗದಲ್ಲಿ ಸೀಳು ಅತ್ಯಲ್ಪವಾಗಿದ್ದು, ಉತ್ತರಕ್ಕೆ ಹೋದಂತೆ ವಿಳಂಬವು 2 ಸೆಕೆಂಡಿನ ಮಟ್ಟಕ್ಕೆ ಏರುತ್ತದೆ. ಆ ಬದಲಾವಣೆಯನ್ನು ಗುರುತಿಸುವಲ್ಲಿ ಶೂನ್ಯ ಅಳತೆಗಳಿಗೆ ದೊಡ್ಡ ಪಾತ್ರವಿದೆ.

ಮಧ್ಯದ ಮೂರು ಕೇಂದ್ರಗಳಿಗೆ ಒಂದು ಸರಳ ಕೆಲಸ ಮಾಡಿ. ಅಡ್ಡ ಅಕ್ಷದಲ್ಲಿ ಅಲೆ ಬಂದ ದಿಕ್ಕು, ನಿಂತ ಅಕ್ಷದಲ್ಲಿ ಮೊದಲು ವೇಗದ ದಿಕ್ಕು, ಆಮೇಲೆ ವಿಳಂಬ ಎಂದು ಎರಡು ಚಿತ್ರ ಬರೆಯಿರಿ. ಒಂದರ ಮೇಲೊಂದು ಎರಡು ಪದರಗಳಿದ್ದು ಅವುಗಳ ವೇಗದ ಅಕ್ಷಗಳು ಬೇರೆಬೇರೆಯಾಗಿದ್ದರೆ, ಅಳತೆಗೆ ಸಿಗುವ ಎರಡೂ ಸಂಖ್ಯೆಗಳು ಪ್ರತಿ 90 ಡಿಗ್ರಿಗೊಮ್ಮೆ ಮರುಕಳಿಸುವ ವಕ್ರರೇಖೆಯ ಮೇಲೆ ಕುಳಿತುಕೊಳ್ಳುತ್ತವೆ. ಆ ರೇಖೆ ನಯವಾದುದಲ್ಲ. ಒಂದು ಕಡೆ ವೇಗದ ದಿಕ್ಕು ಥಟ್ಟನೆ ಹೊರಳುತ್ತದೆ, ಅಲ್ಲಿಯೇ ವಿಳಂಬ ವಿಪರೀತವಾಗಿ ಏರುತ್ತದೆ. ನಿಮ್ಮ 2.4 ಸೆಕೆಂಡುಗಳು ಅಂಥ ಜಾಗದಲ್ಲಿ ಬಿದ್ದಿರಬಹುದು ಎಂಬ ಅನುಮಾನ ನನಗಿದೆ. ಕ್ಯಾಲಿಫೋರ್ನಿಯದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಸಮೀಪದ ಕೇಂದ್ರಗಳಲ್ಲಿ 1990ರ ದಶಕದಲ್ಲಿ ಕಂಡದ್ದು ಇಂಥದೇ ನಡವಳಿಕೆ. ಮೇಲಿನ ಪದರದಲ್ಲಿ ವೇಗದ ಅಕ್ಷ ಸ್ತರಭಂಗಕ್ಕೆ ಸಮಾಂತರವಾಗಿಯೂ, ಕೆಳಗಿನದರಲ್ಲಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿಯೂ ಇದೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಇಂಥ ಎರಡು ದಿಕ್ಕುಗಳ ಸರಾಸರಿ ತೆಗೆದರೆ ಸಿಗುವುದು ಮೇಲಿನ ಪದರಕ್ಕೂ ಸೇರದ, ಕೆಳಗಿನ ಪದರಕ್ಕೂ ಸೇರದ, ಭೂಮಿಯೊಳಗೆ ಎಲ್ಲಿಯೂ ಇಲ್ಲದ ಒಂದು ದಿಕ್ಕು.

ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ ಅಗತ್ಯ. ಭೂಕಂಪಮಾಪಕದ ಉತ್ತರ ನಿಜವಾದ ಉತ್ತರವೇ ಎಂದು ಪಿ ಅಲೆಯ ಕಣಚಲನೆಯಿಂದಲೋ ಭೂಮಿಯ ಮೇಲ್ಮೈ ಗುಂಟ ಸಾಗುವ ರೇಲೀ ಅಲೆಯ ಕಂಪನ ದಿಕ್ಕಿನಿಂದಲೋ ಖಚಿತಪಡಿಸಿಕೊಳ್ಳಿ. ನಾನು ಹಿಂದೆ ಬಳಸಿದ ಒಂದು ಕೇಂದ್ರದ ಉಪಕರಣ 12 ಡಿಗ್ರಿ ತಿರುಗಿ ಕುಳಿತಿತ್ತು. ಅದು ಗೊತ್ತಾಗುವ ಹೊತ್ತಿಗೆ ನಾನು ಆ ಕೇಂದ್ರದ ಅಡಿಯಲ್ಲಿ ಇಲ್ಲದ ಪದರವೊಂದನ್ನು ಕಂಡುಹಿಡಿದು ಆರು ತಿಂಗಳಾಗಿತ್ತು. ಅಂದಿನಿಂದ ಯಾವುದೇ ದಾಖಲೆಯನ್ನು ಈ ಪರೀಕ್ಷೆಯಿಲ್ಲದೆ ಮುಟ್ಟಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ; ಆದರೆ ಎರಡು ಪದರಗಳ ವಿವರಣೆಗೆ ಬೇಗನೆ ಒಲಿಯಬಾರದು ಎಂದು ಎಚ್ಚರಿಸುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ.

ಎರಡು ಪದರಗಳ ಮಾದರಿಯಲ್ಲಿ ನಾಲ್ಕು ಅಜ್ಞಾತಗಳಿವೆ: ಪ್ರತಿ ಪದರಕ್ಕೂ ಒಂದು ದಿಕ್ಕು, ಒಂದು ವಿಳಂಬ. ಎಸ್‌ಕೆಎಸ್ ಅಲೆಗಳು ಸ್ಪಷ್ಟವಾಗಿ ಸಿಗುವುದು ಸುಮಾರು 85ರಿಂದ 130 ಡಿಗ್ರಿ (ಭೂಮಿಯ ನಡುವಿನಲ್ಲಿ ಮಾಡುವ ಕೋನವಾಗಿ ಅಳೆದ) ದೂರದ ದೊಡ್ಡ ಭೂಕಂಪಗಳಿಂದ. ಅಂಥ ಭೂಕಂಪಗಳಾದರೋ ಫಲಕಗಳ ಅಂಚುಗಳಲ್ಲಿಯೇ ಗುಂಪಾಗಿ ನಡೆಯುತ್ತವೆ. ಆದ್ದರಿಂದ ಹೆಚ್ಚಿನ ಕೇಂದ್ರಗಳಿಗೆ ಎರಡು ಮೂರು ದಿಕ್ಕುಗಳಿಂದ ಮಾತ್ರ ಅಲೆಗಳು ಬರುತ್ತವೆ, ಉಳಿದ ದಿಕ್ಕುಗಳು ಖಾಲಿ ಉಳಿಯುತ್ತವೆ. ಮೂರು ವರ್ಷಗಳ ದಾಖಲೆಯಲ್ಲಿ 90 ಡಿಗ್ರಿಯ ಒಂದು ಆವರ್ತವೂ ಪೂರ್ತಿ ತುಂಬಿರದಿದ್ದರೆ, ಅದೇ ಬಿಂದುಗಳ ಮೂಲಕ ಹಾದುಹೋಗುವ ಹತ್ತಾರು ಮಾದರಿಗಳನ್ನು ರಚಿಸಬಹುದು. ಒಂದೇ ಪದರದ ಮಾದರಿಗಿಂತ ಎರಡು ಪದರಗಳದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು, ಹೆಚ್ಚುವರಿ ಎರಡು ಅಜ್ಞಾತಗಳಿಗೆ ತಕ್ಕ ದಂಡ ವಿಧಿಸಿಯೇ ಹೇಳಬೇಕು. ವೇಗದ ಅಕ್ಷ ಅಡ್ಡವಾಗಿರದೆ ಓರೆಯಾಗಿ ಇಳಿದಿದ್ದರೆ ಅಳತೆಗಳು 90 ಡಿಗ್ರಿಯ ಆವರ್ತನೆಯನ್ನು ಪಾಲಿಸುವುದಿಲ್ಲ. 40 ಡಿಗ್ರಿ ದಿಕ್ಕಿನಿಂದ ಬಂದ ಅಲೆಯ ಅಳತೆಗೂ 220 ಡಿಗ್ರಿಯಿಂದ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಅಡ್ಡ ಪದರಗಳ ಮಾದರಿ ಎಷ್ಟೇ ಇದ್ದರೂ ಸಾಲದು. ಸ್ತರಭಂಗದ ಎರಡು ಬದಿಗಳಲ್ಲಿ ಮ್ಯಾಂಟಲ್ ಬೇರೆಬೇರೆಯಾಗಿರುವುದೂ ಇಂಥ ಪರಿಣಾಮವನ್ನೇ ಕೊಡಬಲ್ಲದು, ಏಕೆಂದರೆ ಬೇರೆ ದಿಕ್ಕಿನಿಂದ ಬಂದ ಅಲೆ ಆಳದಲ್ಲಿ ಬೇರೆ ಜಾಗವನ್ನು ಹಾದುಬಂದಿರುತ್ತದೆ.

ಇನ್ನೊಂದು ಬಲೆಯೂ ಇದೆ. ಆರಂಭದ ಕಂಪನ ದಿಕ್ಕು ವೇಗದ ಅಕ್ಷಕ್ಕೆ ಹತ್ತಿರವಾದಂತೆ, ಸಾಮಾನ್ಯವಾಗಿ ಬಳಸುವ ಎರಡು ವಿಧಾನಗಳು ಎರಡು ಬಗೆಯಲ್ಲಿ ದಾರಿ ತಪ್ಪುತ್ತವೆ. ಎರಡು ಘಟಕಗಳ ಹೋಲಿಕೆಯನ್ನು ಗರಿಷ್ಠಗೊಳಿಸುವ ವಿಧಾನವು ನಿಜವಾದ ಅಕ್ಷದಿಂದ 45 ಡಿಗ್ರಿ ಸರಿದ ದಿಕ್ಕನ್ನೂ ಸೊನ್ನೆಗೆ ಹತ್ತಿರದ ವಿಳಂಬವನ್ನೂ ಕೊಡುತ್ತದೆ. ಅಡ್ಡ ಘಟಕದ ಶಕ್ತಿಯನ್ನು ಕನಿಷ್ಠಗೊಳಿಸುವ, ಸಿಲ್ವರ್ ಮತ್ತು ಚಾನ್ 1991ರಲ್ಲಿ ವಿವರಿಸಿದ ವಿಧಾನವು ಅಲೆ ಬಂದ ದಿಕ್ಕನ್ನೇ ಅಥವಾ ಅದರ ಲಂಬವನ್ನೇ ವೇಗದ ಅಕ್ಷವೆಂದು ತೋರಿಸಿ, ವಿಳಂಬವನ್ನು ಅತಿಯಾಗಿ ಹಿಗ್ಗಿಸುತ್ತದೆ. ನಿಮ್ಮ 0.5 ಮತ್ತು 2.4 ಸೆಕೆಂಡುಗಳನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಇದೇ. ಎರಡೂ ವಿಧಾನಗಳನ್ನು ಪ್ರತಿ ದಾಖಲೆಗೂ ಅನ್ವಯಿಸಿ; ಎರಡರ ಉತ್ತರಗಳು ಕೂಡಿಬಂದರೆ ಆ ಅಳತೆ ನಂಬಲರ್ಹ, 45 ಡಿಗ್ರಿಯಷ್ಟು ದೂರ ಸರಿದರೆ ಅದು ಶೂನ್ಯದ ಸಮೀಪದ ದಾಖಲೆ.

ಆಳದ ಪ್ರಶ್ನೆಗೆ ಬಂದರೆ, ಎಸ್‌ಕೆಎಸ್ ಅಲೆಯ ದೊಡ್ಡ ಕೊರತೆ ಅಲ್ಲಿಯೇ ಇದೆ. ಅಲೆ ಹೆಚ್ಚುಕಡಿಮೆ ನೇರವಾಗಿ ಮೇಲೇರುವುದರಿಂದ ಸೀಳು ದಾರಿಯ ಯಾವ ಹಂತದಲ್ಲಿ ಆಯಿತು ಎಂದು ಅದು ಹೇಳುವುದಿಲ್ಲ. ಎಸ್ ಅಲೆಯ ವೇಗ ಸೆಕೆಂಡಿಗೆ 4.5 ಕಿ.ಮೀ. ಮತ್ತು ವೇಗಭೇದ ಶೇ. 4 ಎಂದುಕೊಂಡರೆ, 1 ಸೆಕೆಂಡು ವಿಳಂಬಕ್ಕೆ ಸುಮಾರು 115 ಕಿ.ಮೀ. ದಪ್ಪದ ಪದರ ಬೇಕು, ವೇಗಭೇದ ಶೇ. 8 ಆದರೆ ಅದರ ಅರ್ಧ ಸಾಕು. ದಪ್ಪವನ್ನೂ ಪ್ರಬಲತೆಯನ್ನೂ ಬಿಡಿಸುವುದು ಈ ಒಂದೇ ಅಲೆಯಿಂದ ಆಗದ ಕೆಲಸ. ಭೂಕವಚದ ಪಾಲು ಸಾಮಾನ್ಯವಾಗಿ 0.1ರಿಂದ 0.3 ಸೆಕೆಂಡು ಮಾತ್ರ. ಆದುದರಿಂದ ನಿಮ್ಮ ದೂರದ ಕೇಂದ್ರಗಳ 1.1 ಸೆಕೆಂಡು ಮ್ಯಾಂಟಲ್‌ನದೇ ಎಂದು ಧೈರ್ಯವಾಗಿ ಹೇಳಬಹುದು. ಸ್ಥಳೀಯ ಸಣ್ಣ ಭೂಕಂಪಗಳ ಎಸ್ ಅಲೆಗಳನ್ನೂ, ಭೂಕವಚದ ತಳದಲ್ಲಿ ಪಿ ಅಲೆಯಿಂದ ಹುಟ್ಟುವ ಎಸ್ ಅಲೆಗಳನ್ನೂ ಅಳೆದು ಆ ಪಾಲನ್ನು ಪ್ರತ್ಯೇಕಿಸಬಹುದು.

ಅಗಲದ ಮಿತಿ ಅಲೆಯ ಉದ್ದದಿಂದ ಬರುತ್ತದೆ. ಎಸ್‌ಕೆಎಸ್‌ನ ಆವರ್ತ ಅವಧಿ 8 ಸೆಕೆಂಡಾದರೆ ಅಲೆಯುದ್ದ 36 ಕಿ.ಮೀ.; 100 ಕಿ.ಮೀ. ಆಳದಲ್ಲಿ ಅದು ಸುಮಾರು 40 ಕಿ.ಮೀ. ತ್ರಿಜ್ಯದ ಪ್ರದೇಶವನ್ನು ಒಟ್ಟಾಗಿ ಅನುಭವಿಸುತ್ತದೆ. ಆ ಆಳದಲ್ಲಿ ಸ್ತರಭಂಗದ ಬೇರು 20 ಕಿ.ಮೀ. ಅಗಲದ ಪಟ್ಟಿಯಾಗಿದ್ದರೂ ನಿಮಗೆ ಅದು 80 ಕಿ.ಮೀ. ಅಗಲದ ಮಸುಕಾಗಿಯೇ ಕಾಣುತ್ತದೆ. ಇದೇ ಲೆಕ್ಕವನ್ನು ತಿರುಗಿಸಿದರೆ ಉಪಯೋಗವೂ ಇದೆ. ನಡುವೆ 60 ಕಿ.ಮೀ. ಅಂತರವಿರುವ ಎರಡು ಕೇಂದ್ರಗಳು ಒಂದೇ ಭೂಕಂಪಕ್ಕೆ ತೀರ ಬೇರೆಯಾದ ಉತ್ತರ ಕೊಟ್ಟರೆ, ಅವುಗಳ ಪ್ರದೇಶಗಳು ಒಂದರ ಮೇಲೊಂದು ಬೀಳದಿರಬೇಕು. ಅದು ಸಾಧ್ಯವಾಗುವುದು ಸುಮಾರು 50 ಕಿ.ಮೀ.ಗಿಂತ ಮೇಲಿನ ಆಳದಲ್ಲಿ. ವ್ಯತ್ಯಾಸದ ಮೂಲ ಬಹುಪಾಲು ಅದಕ್ಕಿಂತ ಮೇಲೆಯೇ ಇದೆ ಎಂದು ಆಗ ವಾದಿಸಬಹುದು.

ಆಳವನ್ನು ನೇರವಾಗಿ ತಿಳಿಯಬೇಕಾದರೆ ಮೇಲ್ಮೈ ಅಲೆಗಳನ್ನು ಜೊತೆಗೆ ತರಬೇಕು. 25 ಸೆಕೆಂಡು ಅವಧಿಯ ರೇಲೀ ಅಲೆ ಸುಮಾರು 30 ಕಿ.ಮೀ. ಆಳವನ್ನೂ, 100 ಸೆಕೆಂಡಿನದು ಸುಮಾರು 130 ಕಿ.ಮೀ. ಆಳವನ್ನೂ ಹೆಚ್ಚಾಗಿ ಗ್ರಹಿಸುತ್ತದೆ. ಅವಧಿಯೊಂದಿಗೆ ವೇಗದ ದಿಕ್ಕು ಹೊರಳಿದರೆ ಆಳದೊಂದಿಗೆ ಹೊರಳಿದೆ ಎಂದೇ ಅರ್ಥ. ಅಡ್ಡ ದಿಕ್ಕಿನ ಸ್ಪಷ್ಟತೆ ಅವುಗಳಲ್ಲಿ ಕಡಿಮೆ, ಎಸ್‌ಕೆಎಸ್‌ನಲ್ಲಿ ಹೆಚ್ಚು; ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹೇಳಿದಂತೆ ಚಿತ್ರಗಳನ್ನು ಬರೆದು ನೋಡಿದೆ. ದೂರದ ಕೇಂದ್ರಗಳ ಶೂನ್ಯಗಳು 245ರಿಂದ 255 ಮತ್ತು 335ರಿಂದ 345 ಡಿಗ್ರಿಗಳ ನಡುವೆಯೇ ಕೂಡಿಕೊಂಡಿವೆ. ಅವುಗಳನ್ನು ಎಸೆಯಲು ಹೊರಟಿದ್ದೆನಲ್ಲ ಎಂದು ನೆನೆದರೆ ಖೇದವಾಗುತ್ತದೆ. ಮಧ್ಯದ ಕೇಂದ್ರಗಳಲ್ಲಿ 2 ಸೆಕೆಂಡಿಗೂ ಮೀರಿದ ಐದು ಅಳತೆಗಳ ಪೈಕಿ ಮೂರರಲ್ಲಿ ಎರಡು ವಿಧಾನಗಳ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ಅವುಗಳನ್ನು ಶೂನ್ಯದ ಗುಂಪಿಗೆ ಸೇರಿಸಿದ್ದೇನೆ. ಉಳಿದವು ಎರಡು ಪದರಗಳ ವಕ್ರರೇಖೆಗೆ ಹೊಂದುತ್ತವೆ: ಮೇಲಿನ ಪದರದ ಅಕ್ಷ ಸ್ತರಭಂಗಕ್ಕೆ ಸಮೀಪ, ಕೆಳಗಿನದು 70 ಡಿಗ್ರಿಗೆ ಸಮೀಪ. ಆದರೆ 90ರಿಂದ 200 ಡಿಗ್ರಿಗಳ ನಡುವಿನ ದಿಕ್ಕುಗಳು ಪೂರ್ತಿ ಖಾಲಿ ಇವೆ.

ಒಂದು ಸಂಶಯ ಉಳಿದಿದೆ. ಮೇಲಿನ ಪದರದ ವೇಗದ ಅಕ್ಷವು ಸ್ತರಭಂಗಕ್ಕೆ ಸರಿಯಾಗಿ ಸಮಾಂತರವಾಗಿರದೆ 15ರಿಂದ 20 ಡಿಗ್ರಿ ತಿರುಗಿದೆ. ಇದು ಅಳತೆಯ ದೋಷವೇ, ಅಥವಾ ಇದಕ್ಕೆ ಭೌತಿಕ ಅರ್ಥವಿದೆಯೇ? ವೇಗದ ಅಕ್ಷವೆಂದರೆ ಮ್ಯಾಂಟಲ್ ಹರಿಯುವ ದಿಕ್ಕು ಎಂದೇ ಓದಿಕೊಳ್ಳಬಹುದೇ?

ಮೂರನೆಯ ಉತ್ತರ

ನಾನು ಶಿಲೆಗಳ ಕಡೆಯಿಂದ ಈ ವಿಷಯಕ್ಕೆ ಬಂದವಳು, ಆದ್ದರಿಂದ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮೇಲಿನ ಮ್ಯಾಂಟಲ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಆಲಿವೀನ್ ಖನಿಜ. ಅದರ ಒಂದೇ ಹರಳಿನಲ್ಲಿ ಪಿ ಅಲೆ ಒಂದು ಅಕ್ಷದ ಗುಂಟ ಸೆಕೆಂಡಿಗೆ ಸುಮಾರು 9.9 ಕಿ.ಮೀ., ಇನ್ನೊಂದರ ಗುಂಟ 7.7 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹರಳುಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ ಈ ಭೇದ ಒಟ್ಟಿನಲ್ಲಿ ಅಳಿಸಿಹೋಗುತ್ತದೆ; ಶಿಲೆ ವಿರೂಪಗೊಂಡು ಹರಳುಗಳು ಸಾಲುಗೂಡಿದಾಗ ಮಾತ್ರ ನೂರಾರು ಕಿಲೋಮೀಟರು ದೂರದ ಅಲೆಗೂ ಅದು ಅರಿವಾಗುತ್ತದೆ. 1964ರಲ್ಲಿ ಹ್ಯಾರಿ ಹೆಸ್ ಅವರು ಪೆಸಿಫಿಕ್ ಸಾಗರತಳದ ಮೇಲಿನ ಮ್ಯಾಂಟಲ್‌ನಲ್ಲಿ ಅಲೆಯ ವೇಗ ದಿಕ್ಕಿನೊಂದಿಗೆ ಬದಲಾಗುವುದನ್ನು ಆಲಿವೀನ್ ಹರಳುಗಳ ಈ ಸಾಲುಗೂಡುವಿಕೆಗೆ ಹೊಂದಿಸಿದರು. ಈ ಇಡೀ ಕ್ಷೇತ್ರ ಬೆಳೆದದ್ದು ಆ ಒಳನೋಟದಿಂದ.

ಆದರೆ ಹರಳುಗಳು ಅನುಸರಿಸುವುದು ಶಿಲೆ ಇದುವರೆಗೆ ಅನುಭವಿಸಿದ ಒಟ್ಟು ವಿರೂಪವನ್ನು. ಈ ಕ್ಷಣದ ಹರಿವಿನ ದಿಕ್ಕನ್ನಲ್ಲ. ಪಕ್ಕಪಕ್ಕಕ್ಕೆ ಜಾರುವ ವಲಯದಲ್ಲಿ ವಿರೂಪದ ಉದ್ದನೆಯ ಅಕ್ಷ ಮೊದಲಿಗೆ ಸ್ತರಭಂಗಕ್ಕೆ 45 ಡಿಗ್ರಿ ಓರೆಯಾಗಿ ಹುಟ್ಟುತ್ತದೆ, ಜಾರಿಕೆ ಹೆಚ್ಚಿದಂತೆ ಅದರ ಕಡೆಗೆ ವಾಲುತ್ತದೆ. ಒಟ್ಟು ಜಾರಿಕೆಯನ್ನು ವಲಯದ ಅಗಲದಿಂದ ಭಾಗಿಸಿದ ಸಂಖ್ಯೆ 1 ಆದಾಗ ಕೋನ ಸುಮಾರು 32 ಡಿಗ್ರಿ, 2.3 ಆದಾಗ 20 ಡಿಗ್ರಿ, 5 ಆದಾಗ 11 ಡಿಗ್ರಿ. ನ್ಯೂಜಿಲೆಂಡಿನ ಆಲ್ಪೈನ್ ಸ್ತರಭಂಗದ ಒಟ್ಟು ಜಾರಿಕೆ 450 ಕಿ.ಮೀ.ಗೂ ಮಿಗಿಲು, ಅದು 200 ಕಿ.ಮೀ. ಅಗಲದಲ್ಲಿ ಹಂಚಿಹೋಗಿದೆ ಎಂದುಕೊಂಡರೆ ಕೋನ 20 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ನಿಮ್ಮ 15ರಿಂದ 20 ಡಿಗ್ರಿಯನ್ನು ದೋಷವೆಂದು ತಳ್ಳಿಹಾಕುವ ಮೊದಲು ನಿಮ್ಮ ವಲಯದ ಒಟ್ಟು ಜಾರಿಕೆಯನ್ನು ಭೂವೈಜ್ಞಾನಿಕ ನಕ್ಷೆಯಿಂದ ತೆಗೆದುಕೊಂಡು ಈ ಲೆಕ್ಕವನ್ನು ಮಾಡಿ ನೋಡಿ. ಆ ಕೋನ ನಿಮಗೆ ವಲಯದ ಅಗಲದ ಅಂದಾಜನ್ನೇ ಕೊಡಬಹುದು. ತಿರುಗಿರುವ ಬದಿ ಜಾರಿಕೆಯ ಬದಿಗೆ ಹೊಂದಬೇಕು ಎಂಬುದನ್ನು ಮರೆಯಬೇಡಿ: ಬಲಕ್ಕೆ ಜಾರುವ ಸ್ತರಭಂಗದಲ್ಲಿ ಅಕ್ಷ ಸ್ತರಭಂಗದಿಂದ ಅಪ್ರದಕ್ಷಿಣೆಯ ದಿಕ್ಕಿಗೆ ತಿರುಗಿರಬೇಕು, ಎಡಕ್ಕೆ ಜಾರುವುದರಲ್ಲಿ ಪ್ರದಕ್ಷಿಣೆಗೆ. ವಿರುದ್ಧ ಬದಿಗಿದ್ದರೆ ಈ ವಿವರಣೆಯನ್ನು ಕೈಬಿಡಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಆಲಿವೀನ್ ಮರುಹರಳುಗಟ್ಟುತ್ತ ಈ ಕೋನಕ್ಕಿಂತಲೂ ಬೇಗ ಜಾರಿಕೆಯ ದಿಕ್ಕಿಗೆ ಹೊರಳುವುದನ್ನು ಕಂಡಿದ್ದಾರೆ, ಆದ್ದರಿಂದ ಹೀಗೆ ಸಿಗುವ ಅಗಲವನ್ನು ಕೆಳಮಿತಿ ಎಂದು ಭಾವಿಸಿ.

ವೇಗದ ಅಕ್ಷವನ್ನು ಎಲ್ಲ ಕಡೆಯೂ ಹೀಗೆ ಓದಲಾಗದು. ನೀರಿನ ಅಂಶವಿದ್ದು ಒತ್ತಡ ವ್ಯತ್ಯಾಸ ಹೆಚ್ಚಿರುವಲ್ಲಿ ಆಲಿವೀನ್‌ನ ವೇಗದ ಅಕ್ಷ ಹರಿವಿಗೆ ಲಂಬವಾಗಿ ನಿಲ್ಲಬಲ್ಲದು ಎಂದು 2001ರಲ್ಲಿ ಜಂಗ್ ಮತ್ತು ಕರಾಟೊ ಪ್ರಯೋಗದಿಂದ ತೋರಿಸಿದರು. ಒಂದು ಫಲಕ ಇನ್ನೊಂದರ ಅಡಿಗೆ ಇಳಿಯುವ ವಲಯಗಳಲ್ಲಿ ಇದನ್ನು ಲಕ್ಷಿಸದೆ ಹರಿವಿನ ಮಾತೆತ್ತುವಂತಿಲ್ಲ. ಇಥಿಯೋಪಿಯದ ಬಿರುಕು ಕಣಿವೆಯಲ್ಲಿ ಅಲೆ ಸೀಳುವುದಕ್ಕೆ ಮುಖ್ಯ ಕಾರಣ ಕರಗಿದ ಶಿಲೆ ತುಂಬಿದ ಸಾಲು ಬಿರುಕುಗಳು ಎಂಬ ವಿವರಣೆಯಿದೆ. ನಿಮ್ಮದು ಬದಿಗೆ ಜಾರುವ ವಲಯ, ಜ್ವಾಲಾಮುಖಿಗಳೂ ಇಲ್ಲದಿದ್ದರೆ ಸಾಮಾನ್ಯ ಜೋಡಣೆಯನ್ನೇ ಊಹಿಸಿಕೊಳ್ಳುವುದು ನ್ಯಾಯ. ಆದರೆ ಅದು ಊಹೆ ಎಂದು ಪ್ರಬಂಧದಲ್ಲಿ ಒಂದು ವಾಕ್ಯ ಬರೆಯಿರಿ.

ಮೊದಲ ಉತ್ತರ ಬರೆದವರಿಂದ

90ರಿಂದ 200 ಡಿಗ್ರಿಯ ಖಾಲಿ ಜಾಗದ ಬಗ್ಗೆ ಒಂದು ಮಾತು. ಅಡ್ಡ ಪದರಗಳ ಮಾದರಿಯಲ್ಲಿ 90 ಡಿಗ್ರಿಗೊಮ್ಮೆ ಎಲ್ಲವೂ ಮರುಕಳಿಸುವುದರಿಂದ, ಉಳಿದ 250 ಡಿಗ್ರಿಗಳಲ್ಲಿ ಅಳತೆಗಳು ಸಾಕಷ್ಟಿದ್ದರೆ ಆ ಖಾಲಿ ಜಾಗ ಮಾರಕವಲ್ಲ; ಎಲ್ಲ ಬಿಂದುಗಳನ್ನೂ 0ಯಿಂದ 90ರ ಒಂದೇ ಚೌಕಟ್ಟಿಗೆ ಮಡಚಿ ಎಲ್ಲಿ ಬಿರುಕು ಉಳಿಯುತ್ತದೆ ನೋಡಿ. ಓರೆ ಅಕ್ಷದ ಸಾಧ್ಯತೆಯನ್ನು ಪರೀಕ್ಷಿಸಲು ಮಾತ್ರ ಅದು ಅಡ್ಡಿಯಾಗುತ್ತದೆ, ಏಕೆಂದರೆ ಎದುರುಬದುರಿನ ದಿಕ್ಕುಗಳ ಹೋಲಿಕೆ ಸಾಕಷ್ಟು ಸಿಗುವುದಿಲ್ಲ. ಒಂದೇ ಭೂಕಂಪದಲ್ಲಿ ಎಸ್‌ಕೆಎಸ್ ಮತ್ತು ಎಸ್‌ಕೆಕೆಎಸ್ (ಕೇಂದ್ರಗೋಳದ ಅಂಚಿನ ಒಳಬದಿಯಲ್ಲಿ ಒಮ್ಮೆ ಪ್ರತಿಫಲಿಸಿ ಬರುವ ಅಲೆ) ಎರಡೂ ಸ್ಪಷ್ಟವಾಗಿರುವ ದಾಖಲೆಗಳಿದ್ದರೆ ಅವುಗಳನ್ನೂ ಜೋಡಿಯಾಗಿ ಅಳೆಯಿರಿ. ಮೇಲಿನ ಮ್ಯಾಂಟಲ್‌ನಲ್ಲಿ ಆ ಎರಡರ ದಾರಿ ಬಹುತೇಕ ಒಂದೇ, ಕೇಂದ್ರಗೋಳದ ಅಂಚಿನಲ್ಲಿ ಬಹಳ ದೂರ. ಎರಡರ ಉತ್ತರ ಬೇರೆಯಾದರೆ ಮ್ಯಾಂಟಲ್‌ನ ತಳದ ಪಾಲೂ ಸೇರಿದೆ ಎಂದರ್ಥ, ಅಂಥ ದಾಖಲೆಯನ್ನು ಸ್ತರಭಂಗದ ಲೆಕ್ಕಕ್ಕೆ ತರಬೇಡಿ.